ಒಂದು ದಿನವೂ ತಪ್ಪಿಸದ ವಿದ್ಯಾರ್ಥಿನಿ

ಆ ಸೆಮಿಸ್ಟರಿನಲ್ಲಿ ಶನಿವಾರ ಬಂತೆಂದರೆ ನನಗೆ ಫೋನಿನ ಕೆಲಸ. ಕೊರೊನಾದ ಎರಡನೆಯ ವರ್ಷ ಅದು. ಚಿಕ್ಕೋಡಿಯ ಕಾಲೇಜಿನಲ್ಲಿ ಎಂ.ಎ. ಇಂಗ್ಲಿಷ್ ಕ್ಲಾಸುಗಳೆಲ್ಲ ಆನ್‌ಲೈನ್ ಆಗಿದ್ದವು. ರಿಟೈರ್ ಆಗಿ ಮನೆಯಲ್ಲಿದ್ದ ನನ್ನನ್ನು ಪ್ರಿನ್ಸಿಪಾಲರು ಹಿಂದಿನ ವರ್ಷವೇ ಗೆಸ್ಟ್ ಫ್ಯಾಕಲ್ಟಿ ಎಂದು ಕರೆದಿದ್ದರು. ವಾರಕ್ಕೆ ನಾಲ್ಕು ದಿನ ಒಂದು ಪೇಪರ್ ಪಾಠ ಮಾಡಬೇಕು, ಜೊತೆಗೆ ಕ್ಲಾಸಿನ ಇಪ್ಪತ್ತೆಂಟು ಜನಕ್ಕೂ ಮೆಂಟರ್ ಆಗಿರಬೇಕು.

ಹಾಜರಿಯ ಕ್ರಮ ಹೀಗಿತ್ತು. ಬೆಳಿಗ್ಗೆ ಹನ್ನೊಂದಕ್ಕೆ ನಾನು ಲಿಂಕ್ ತೆರೆಯುತ್ತೇನೆ. ಮೊದಲ ಹತ್ತು ನಿಮಿಷದಲ್ಲಿ ಒಮ್ಮೆ, ಕೊನೆಯ ಹತ್ತು ನಿಮಿಷದಲ್ಲಿ ಒಮ್ಮೆ, ಎಲ್ಲರೂ ಚಾಟಿನಲ್ಲಿ ತಮ್ಮ ರೋಲ್ ನಂಬರ್ ಟೈಪ್ ಮಾಡಬೇಕು. ಎರಡೂ ಸಲ ನಂಬರ್ ಇದ್ದರೆ ನನ್ನ ರಿಜಿಸ್ಟರಿನಲ್ಲಿ P, ಇಲ್ಲವಾದರೆ A. ಅದನ್ನು ಆಫೀಸಿನ ಕ್ಲರ್ಕು ಶೀಟಿಗೆ ಏರಿಸುತ್ತಾರೆ. ಎಪ್ಪತ್ತೈದು ಪರ್ಸೆಂಟಿಗಿಂತ ಕೆಳಗಿಳಿದವರ ಹೆಸರು ಕೆಂಪಾಗುತ್ತದೆ. ಆ ಕೆಂಪು ಹೆಸರಿನವರಿಗೆ ಶನಿವಾರ ಫೋನ್ ಮಾಡಿ, ಕಾರಣ ಕೇಳಿ, ಒಂದು ಫಾರ್ಮ್ ತುಂಬಬೇಕು. ಫಾರ್ಮಿನ ಕೊನೆಯಲ್ಲಿ ವಿದ್ಯಾರ್ಥಿಯ ಮನಃಸ್ಥಿತಿ ಎಂದು ಒಂದು ಕಾಲಂ ಇತ್ತು.

ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ಕೊಟ್ಟ ಕೆಲಸವನ್ನು ನೀಟಾಗಿ, ಹೊತ್ತಿಗೆ ಸರಿಯಾಗಿ ಮಾಡುವುದನ್ನು ಸಿಸ್ಟರ್‌ಗಳು ನಮ್ಮ ಎಲುಬಿಗೆ ಇಳಿಸಿದ್ದರು. ಒಂದು ಶನಿವಾರವೂ ತಪ್ಪಿಸಲಿಲ್ಲ. ಅಥಣಿ ಕಡೆಯ ಒಬ್ಬ ಹುಡುಗ ಪ್ರತಿ ವಾರ ಕೆಂಪು. “ಎಲ್ಲಿದ್ದೀಯಪ್ಪಾ ಕ್ಲಾಸ್ ಬಿಟ್ಟು?” ಎಂದರೆ, “ದ್ರಾಕ್ಷಿ ಬಳ್ಳಿ ಕತ್ತರ್ಸೂದು ನಡದೈತ್ರಿ ಮೇಡಂ. ನೀವು ಹೇಳೂದೆಲ್ಲಾ ಕಿವ್ಯಾಗ ಐತ್ರಿ, ಕೈಯಾಗ ಕತ್ರಿ ಐತ್ರಿ. ನಂಬರ್ ಹೊಡಿಯಾಕ ಮೂರನೇ ಕೈ ಎಲ್ಲಿಂದ ತರ್ಲಿ?” ಎನ್ನುತ್ತಿದ್ದ. ಕಾಗವಾಡದ ಹುಡುಗಿಯ ಫೋನು ವಾರದಲ್ಲಿ ಮೂರು ದಿನ ತಮ್ಮನ ಕೈಯಲ್ಲಿರುತ್ತಿತ್ತು. ಇಂಥವರನ್ನು ಬೆನ್ನು ಹತ್ತಿ ಹತ್ತಿ ನಾನು ಕ್ಲಾಸಿಗೆ ಎಳೆದು ತಂದೆ. ಕೆಂಪು ಹೆಸರುಗಳು ಒಂದೊಂದಾಗಿ ಕಪ್ಪಾದವು. ಸ್ಟಾಫ್ ಮೀಟಿಂಗಿನಲ್ಲಿ ಪ್ರಿನ್ಸಿಪಾಲರು ನನ್ನ ಶೀಟನ್ನು ಎಲ್ಲರಿಗೂ ತೋರಿಸಿದರು. ಸುಳ್ಳೇಕೆ ಹೇಳಲಿ, ಹಿಗ್ಗಾಯಿತು.

ಕೆಂಪಾಗದವರಿಗೆ ಫೋನ್ ಮಾಡುವ ನಿಯಮವಿರಲಿಲ್ಲ. ನಾನೂ ಮಾಡಲಿಲ್ಲ.

ಒಂದು ದಿನವೂ ತಪ್ಪಿಸದ ಕೆಲವರಲ್ಲಿ ಒಬ್ಬಳು ಕರೋಶಿಯ ಹುಡುಗಿ. ಹಿಂದಿನ ವರ್ಷ ಕೆಲವು ತಿಂಗಳು ಕಾಲೇಜು ತೆರೆದಿದ್ದಾಗ ಕಿಟಕಿಯ ಪಕ್ಕ ಕೂರುತ್ತಿದ್ದಳು. ಪದ್ಯ ಓದು ಎಂದರೆ ಸಾಲಿನ ಕೆಳಗೆ ಬೆರಳಿಟ್ಟುಕೊಂಡು, ನಿಧಾನಕ್ಕೆ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು ಓದುವವಳು. ಆನ್‌ಲೈನಿನಲ್ಲಿ ಅವಳ ಕ್ಯಾಮರಾ ಯಾವಾಗಲೂ ಆಫ್. ಅದೇನು ವಿಶೇಷವಲ್ಲ, ಎಲ್ಲರದೂ ಆಫೇ. ನಾನು ಇಪ್ಪತ್ತೆಂಟು ಕಪ್ಪು ಚೌಕಗಳಿಗೆ ಪಾಠ ಹೇಳುತ್ತಿದ್ದೆ. ಎಷ್ಟೋ ಸಲ ಅರ್ಧ ಪದ್ಯ ವಿವರಿಸಿದ ಮೇಲೆ “ಮೇಡಂ, ನೀವು ಮ್ಯೂಟ್ ಅದೀರಿ” ಎಂಬ ದನಿ ಬರುತ್ತಿತ್ತು. ಒಮ್ಮೆ ಕೆಂಪು ಹೆಸರಿನವರಿಗೆ ಬೈಯುತ್ತ, “ಕರೋಶಿಯವಳನ್ನು ನೋಡಿ ಕಲೀರಿ, never once absent” ಎಂದೂ ಅಂದಿದ್ದೆ.

ಗೊತ್ತಾದದ್ದು ಒಂದು ಮಳೆಯ ದಿನ. ರಾಯಬಾಗದಲ್ಲಿ ಗಾಳಿ ಮಳೆ ಜೋರಾಗಿ ಕರೆಂಟ್ ಹೋಯಿತು. ಅಲ್ಲಿಂದ ಕ್ಲಾಸಿಗೆ ಬರುತ್ತಿದ್ದವಳು ಒಬ್ಬಳೇ. ಅವಳ ಅಣ್ಣನದು ತಹಶೀಲ್ದಾರ್ ಕಚೇರಿಯ ಎದುರು ಝೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ತುಂಬುವ ಅಂಗಡಿ. ಹುಡುಗಿ ಅಂಗಡಿಯ ಕಂಪ್ಯೂಟರಿನಿಂದಲೇ ಕ್ಲಾಸಿಗೆ ಕೂರುತ್ತಿದ್ದಳು. ಅವಳ ಚೌಕ ಮಾಯವಾದದ್ದನ್ನು ನೋಡಿದೆ. ಅದೇ ಕ್ಷಣ ಇನ್ನೂ ಮೂರು ಚೌಕಗಳು ಹೋದವು. ಒಬ್ಬಳು ನಿಪ್ಪಾಣಿಯವಳು, ಒಬ್ಬಳು ಸತ್ತಿಯವಳು, ಮತ್ತೊಬ್ಬಳು ಕರೋಶಿಯವಳು. ಹನ್ನೊಂದು ನಿಮಿಷದ ನಂತರ ನಾಲ್ವರೂ ಒಟ್ಟಿಗೆ, ಒಬ್ಬರ ಹಿಂದೆ ಒಬ್ಬರು, ಮರಳಿ ಬಂದರು.

ರಾಯಬಾಗದಲ್ಲಿ ಕರೆಂಟ್ ಹೋದರೆ ಕೃಷ್ಣಾ ದಂಡೆಯ ಸತ್ತಿಯ ಹುಡುಗಿ ಯಾಕೆ ಹೋಗಬೇಕು?

ಕ್ಲಾಸು ಮುಗಿಸಿ ಹಳೆಯ ಚಾಟುಗಳನ್ನು ತೆಗೆದು ನೋಡಿದೆ. ಆ ನಾಲ್ಕು ನಂಬರುಗಳು ಹೆಚ್ಚಿನ ದಿನಗಳಲ್ಲಿ ಒಂದೇ ನಿಮಿಷದಲ್ಲಿ, ಒಂದೇ ಕ್ರಮದಲ್ಲಿ ಬಿದ್ದಿದ್ದವು. ರಾಯಬಾಗದವಳಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು “ನೆಟ್ ಪ್ರಾಬ್ಲಂ ಇರಬೇಕ್ರಿ” ಎಂದಳು. ನಾನು ಚಾಟಿನಲ್ಲಿದ್ದ ಸಮಯಗಳನ್ನು ಒಂದೊಂದಾಗಿ ಓದಿದೆ. ಆಮೇಲೆ ಹೇಳಿದಳು.

“ನಾನ ಮಾಡ್ತೀನ್ರಿ ಮೇಡಂ. ಅಂಗಡ್ಯಾಗ ಮೂರು ಕಂಪ್ಯೂಟರ್, ಒಂದು ನನ್ನ ಫೋನ್, ಎಲ್ಲಾ ಅಂಗಡಿ ವೈಫೈ ಮ್ಯಾಲ. ನಾಲ್ಕೂ ಐಡಿ ಹಚ್ಚಿ ಕುಂಡ್ರತೀನಿ. ನಾವು ಮುಯ್ಯಿ ಮಾಡ್ಕೊಂಡೀವ್ರಿ.”

ಮುಯ್ಯಿ ನಮ್ಮ ಕಡೆಯ ಹೊಲದ ಪದ್ಧತಿ. ಇಂದು ನಿನ್ನ ಹೊಲಕ್ಕೆ ನಾನು ಬರುತ್ತೇನೆ, ನಾಳೆ ನನ್ನ ಹೊಲಕ್ಕೆ ನೀನು ಬಾ, ಕೂಲಿಯ ಮಾತಿಲ್ಲ. ಈ ನಾಲ್ವರು ಅದನ್ನು ಎಂ.ಎ. ಕ್ಲಾಸಿಗೆ ತಂದಿದ್ದರು. ರಾಯಬಾಗದವಳು ಎಲ್ಲರ ಹೆಸರಿನಲ್ಲಿ ಲಾಗಿನ್ ಆಗಿ ಪಾಠ ರೆಕಾರ್ಡ್ ಮಾಡುವುದು. ಸತ್ತಿಯವಳು ನಾಲ್ಕೂ ಅಸೈನ್‌ಮೆಂಟ್ ಬರೆಯುವುದು. ನಿಪ್ಪಾಣಿಯವಳು ಪುಸ್ತಕ ಹುಡುಕಿ ಫೋಟೋ ಕಳಿಸುವುದು. ಕರೋಶಿಯವಳು ಸಂಜೆ ಫೋನಿನಲ್ಲಿ ಮೂವರಿಗೂ ಪದ್ಯ ಬಿಡಿಸಿ ಹೇಳುವುದು, ಏಕೆಂದರೆ ಪದ್ಯ ತಿಳಿಯುತ್ತಿದ್ದದ್ದು ಅವಳಿಗೇ.

ನಾನು ಸಿಟ್ಟಿಗೆದ್ದೆ. “This is cheating, plain and simple,” ಎಂದೆ. ಸಿಸ್ಟರ್‌ಗಳು ಹೇಳುತ್ತಿದ್ದ ರೀತಿಯಲ್ಲೇ, ಪ್ರತಿ ಅಕ್ಷರ ಬಿಡಿಸಿ. ಹುಡುಗಿ ಇನ್ನೂ ಏನೋ ಹೇಳಲು ಹೊರಟಿದ್ದಳು, ಫೋನ್ ಇಟ್ಟುಬಿಟ್ಟೆ. ಪ್ರಿನ್ಸಿಪಾಲರಿಗೆ ಒಂದು ಮೇಲ್ ಬರೆದೆ, ನಾಲ್ವರ ನಂಬರು ಹಾಕಿ. ಎರಡು ಕಡೆ ಭಾಷೆ ತಿದ್ದಿದೆ. ಬೆಳಿಗ್ಗೆ ಇನ್ನೊಮ್ಮೆ ಓದಿ ಕಳಿಸೋಣ ಎಂದು ಡ್ರಾಫ್ಟಿನಲ್ಲಿ ಬಿಟ್ಟೆ.

ಮರುದಿನ ಏಳು ಗಂಟೆಗೆ ಅವಳದೇ ಫೋನು. ಅಳುತ್ತಿದ್ದಳು.

“ಮೇಡಂ, ನಮ್ಗ ಏನ್ ಬೇಕಾದ್ರ ಮಾಡ್ರಿ. ಕಂಪ್ಲೇಂಟ್ ಮಾಡ್ರಿ. ಖರೇ ಹೇಳ್ತೀನಿ, ನಿನ್ನಿ ನೀವು ಫೋನ್ ಇಟ್ಟಬಿಟ್ರಿ. ಕರೋಶಿ ಅಕಿ ಹನ್ನೆರಡು ದಿನ ಆತ್ರಿ, ನಮ್ಮ ಯಾರ ಫೋನೂ ಎತ್ತವಲ್ಲಳು. ಎರಡು ತಿಂಗಳಾತು, ಪದ್ಯಾನೂ ಹೇಳಿಲ್ಲ. ಫೋನ್ ಎತ್ತೂದು ಬಿಟ್ಟ ದಿನ ಒಂದ ಮೆಸೇಜ್ ಕಳಿಸ್ಯಾಳ, ‘ಇನ್ಮ್ಯಾಲ ನನ್ನ ಲಾಗಿನ್ ಮಾಡಬ್ಯಾಡ. ಸಾಕಾಗೇತಿ’ ಅಂತ.”

“ಅಂದ ಮೇಲೆ ನೀನು ಯಾಕೆ ನಿಲ್ಲಿಸಲಿಲ್ಲ?”

“ಹೆಂಗ ನಿಲ್ಲಸ್ಲಿರಿ? ಹೊಲದಾಗ ಕಳೇ ತಗಿಯೂಮುಂದ ಒಬ್ಬಾಕಿಗೆ ಆರಾಮ ಇಲ್ಲಂದ್ರ ಅಕಿ ಸಾಲು ಉಳಿದಾರು ತಗದು ಹೊಂಟಬಿಡ್ತಾರಲ್ರಿ, ಮಾಲಕಗ ಗೊತ್ತಾಗಬಾರ್ದಂತ. ಹಂಗ ಅಕಿ ಸಾಲು ನಾ ತಗದೆ. ಎಪ್ಪತ್ತೈದರ ಕೆಳಗ ಇಳದ್ರ ಅಕಿ ಪರೀಕ್ಷಾಕ್ಕ ಕುಂಡ್ರಾಕ ಬಿಡೂದಿಲ್ಲಲ್ರಿ.”

ಅವಳ ಸಾಲು ಖಾಲಿ ಬಿದ್ದಿದ್ದರೆ ಎರಡನೆಯ ವಾರಕ್ಕೇ ಹೆಸರು ಕೆಂಪಾಗುತ್ತಿತ್ತು. ಮೊದಲ ಫೋನು ನನ್ನದೇ ಹೋಗುತ್ತಿತ್ತು.

ಕರೋಶಿಗೆ ಫೋನ್ ಮಾಡಲೋ, ಹೋಗಲೋ? ಮೆಂಟರ್‌ಗೆ ಮನೆಗೆ ಹೋಗುವ ಅಧಿಕಾರವೇನೂ ಕೊಟ್ಟಿರಲಿಲ್ಲ. ಸೋಂಕಿನ ಭಯ ಬೇರೆ, ನನ್ನ ವಯಸ್ಸು ಬೇರೆ. ಆದರೆ ಫೋನಿನಲ್ಲಿ ಸಿಗುವ ಉತ್ತರ ನನಗೆ ಗೊತ್ತಿತ್ತು. ಈ ಸೀಮೆಯಲ್ಲಿ ಹೇಗಿದ್ದೀಯಾ ಎಂದು ಫೋನಿನಲ್ಲಿ ಕೇಳಿದರೆ ಆರಾಮ ಅದೀನ್ರಿ ಎಂದೇ ಹೇಳುವುದು ರೂಢಿ. ಕಾಲು ಮುರಿದುಕೊಂಡು ಮಲಗಿದವರೂ ಹಾಗೇ ಹೇಳುತ್ತಾರೆ. ನನ್ನ ಫಾರ್ಮುಗಳ ಮನಃಸ್ಥಿತಿ ಕಾಲಮ್ಮಿನಲ್ಲಿ ಮೇಲಿಂದ ಕೆಳಗಿನವರೆಗೂ ಅದೊಂದೇ ಶಬ್ದ. ಅಂದಿನ ಕ್ಲಾಸು ಇಲ್ಲವೆಂದು ಗ್ರೂಪಿನಲ್ಲಿ ಹಾಕಿದೆ. ರಾಯಬಾಗದ ಹುಡುಗಿಗೆ ಬಸ್ಸು ಹಿಡಿದು ಚಿಕ್ಕೋಡಿಗೆ ಬಾ ಎಂದೆ. ಇಬ್ಬರೂ ಅಲ್ಲಿಂದ ಕರೋಶಿಗೆ ಹೋದೆವು.

ಮನೆ ಮುಟ್ಟಿದಾಗ ಹನ್ನೊಂದೂ ಕಾಲು. ತಾಯಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದರು. ನಮ್ಮನ್ನು ಕಂಡದ್ದೇ ತುಟಿಯ ಮೇಲೆ ಬೆರಳಿಟ್ಟರು.

“ಮೆಲ್ಲಕ ಮಾತಾಡ್ರಿ ಬಾಯಾರ. ಒಳಗ ಮಗಳ ಕ್ಲಾಸ್ ನಡದೈತಿ.”

ಪಿಸುಮಾತಿನಲ್ಲೇ ವಿವರಿಸಿದರು. ಹನ್ನೊಂದರಿಂದ ಹನ್ನೆರಡೂವರೆಯವರೆಗೆ ಮಿಕ್ಸರ್ ಹಚ್ಚುವುದಿಲ್ಲ, ಟಿವಿ ಇಲ್ಲ, ಕರುವನ್ನು ಕೂಡ ಹಿತ್ತಲಿಗೆ ಕಟ್ಟುತ್ತಾರೆ. ಯಾರೂ ಆ ಕೋಣೆಯ ಬಾಗಿಲು ತಟ್ಟುವುದಿಲ್ಲ. “ಮನ್ಯಾಗ ಇಷ್ಟ ಓದಿದಾಕಿ ಇಕಿನ ಮದಲ. ನಮ್ದೇನರ ಅಡ್ಡಿ ಆಗಬಾರ್ದಲ್ರಿ.”

“ತಾಯೀ,” ಎಂದೆ, “ಆ ಕ್ಲಾಸು ತಗೊಳ್ಳೋ ಮೇಡಂ ನಾನೇ.”

ಅವರು ನನ್ನನ್ನು ನೋಡಿದರು. ಮುಚ್ಚಿದ ಬಾಗಿಲನ್ನು ನೋಡಿದರು. ಮತ್ತೆ ನನ್ನನ್ನು ನೋಡಿದರು. ಮೊರ ಕೈಯಲ್ಲೇ ಇತ್ತು, ಜೋಳ ಜಾರಿ ಕಾಲ ಮೇಲೆ ಬೀಳುತ್ತಿತ್ತು.

ಒಳಗೆ ಕಾಳಿನ ಚೀಲಗಳ ನಡುವೆ ಚಾಪೆ ಹಾಸಿಕೊಂಡು ಹುಡುಗಿ ಗೋಡೆಗೆ ಒರಗಿ ಕೂತಿದ್ದಳು. ಎದುರಿಗೆ ಚೀಲಕ್ಕೆ ಆನಿಸಿಟ್ಟ ಫೋನು, ಆಫ್ ಆಗಿತ್ತು. ತಲೆಗೆ ಎಣ್ಣೆ ಕಂಡು ಎಷ್ಟು ದಿನವಾಗಿತ್ತೋ. ನನ್ನನ್ನು ಕಂಡು ಎದ್ದು ನಿಂತಳು, ಕ್ಲಾಸಿನಲ್ಲಿ ನಿಲ್ಲುತ್ತಿದ್ದಂತೆ. ಅಷ್ಟಕ್ಕೇ ಏದುಸಿರು ಬಂತು.

ಗೆಳತಿ ವಾತಾವರಣ ಹಗುರ ಮಾಡಲು ನೋಡಿದಳು. “ಏನಲೇ, ನನ್ನ ಫೋನ್ ಎತ್ತಾಕ ನಿನಗ ಭಾಳ ದೊಡ್ಡಸ್ತಿಕಿ ಬಂತೇನ? ಮೇಡಮ್ಮಾರ್ನ ಕರಕೊಂಡ ಬರಬೇಕಾತ ನೋಡು.” ಹುಡುಗಿ ನಗಲಿಲ್ಲ. ನಾನು ಗೆಳತಿಗೆ ತಾಯಿಯ ಹತ್ತಿರ ಇರು ಎಂದು ಸನ್ನೆ ಮಾಡಿ ಚಾಪೆಯ ಮೇಲೆ ಕೂತೆ. ನನ್ನ ಮೊಣಕಾಲಿಗೆ ಅದು ಸಣ್ಣ ಕೆಲಸವಲ್ಲ. ಅವಳು ಕೈ ಹಿಡಿದು ಕೂರಿಸಿದಳು.

“ಪುಟ ತಗದ್ರ ಅಕ್ಷರ ನಿಲ್ಲೂದಿಲ್ರಿ ಮೇಡಂ,” ಎಂದಳು. “ಮದಲ ಎರಡು ಸಾಲು ಹೋದವು. ಆಮ್ಯಾಲ ಒಂದೂ ಉಳೀಲಿಲ್ಲ. ಅವ್ವಗ ಹೇಳೂಣಂದ್ರ ಅಕಿ ನನ್ನ ಕ್ಲಾಸಿಗಂತ ಇಡೀ ಮನೀ ಬಾಯಿ ಮುಚ್ಚಿಸ್ಯಾಳ. ಏನಂತ ಹೇಳ್ಲಿ? ಇಲ್ಲೆ ಕುಂಡ್ರತೀನಿ. ಹನ್ನೆರಡೂವರೀಗೆ ಹೊರಗ ಬರ್ತೀನಿ.”

ಮೆಂಟರ್‌ಗಳಿಗೆಂದು ಒಂದು ವೆಬಿನಾರ್ ನಡೆದಿತ್ತು. ಸಂಶಯ ಬಂದರೆ ಸುತ್ತುಬಳಸಬೇಡಿ, ನೇರವಾಗಿ ಕೇಳಿ, ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ ಎಂದು ಅಲ್ಲಿ ಹೇಳಿದ್ದರು. ಆಗ ನನಗೆ ಅದು bad manners ಅನಿಸಿತ್ತು. ನಾನು ಬೆಳೆದ ಕಡೆ ಅಂಥ ಶಬ್ದ ಬಾಯಲ್ಲಿ ತಂದರೆ ಪಾಪ. ಆ ಕೋಣೆಯಲ್ಲಿ ಎರಡು ಸಲ ಬಾಯಿ ತೆರೆದು ಮುಚ್ಚಿದೆ. ಮೂರನೆಯ ಸಲ ಕೇಳಿದೆ. “ಸಾಯಬೇಕು ಅನಿಸ್ತದೇನವ್ವಾ?”

ಅವಳು ಬೆಚ್ಚಲಿಲ್ಲ. ಯಾರಾದರೂ ಕೇಳಲಿ ಎಂದು ಕಾದಿದ್ದವಳ ಹಾಗೆ ತಲೆ ಆಡಿಸಿದಳು. ಆಮೇಲೆ ಅತ್ತಳು.

ಅಲ್ಲಿಂದ ಮುಂದಿನದು ಮಾಡುವ ಕೆಲಸ, ಹಾಗಾಗಿ ಸ್ವಲ್ಪ ಸುಲಭವಾಯಿತು. ತಾಯಿಯನ್ನು ಒಳಗೆ ಕರೆದು, ಮಗಳ ಎದುರಿಗೇ, ಇದು ಕಾಯಿಲೆ, ಆಲಸ್ಯ ಅಲ್ಲ, ನಾಟಕ ಅಲ್ಲ ಎಂದು ಹೇಳಿದೆ. ಅವಳನ್ನು ಒಬ್ಬಳೇ ಬಿಡಬೇಡಿ, ಯಾರಾದರೂ ಪಕ್ಕದಲ್ಲಿರಿ ಎಂದೆ. “ಇಷ್ಟ ದಿನ ನಾನ ಬಾಗಲಾ ಕಾಯ್ದೆನಲ್ರಿ ಬಾಯಾರ, ಯಾರೂ ಒಳಗ ಹೋಗಬಾರ್ದಂತ,” ಎಂದರು ತಾಯಿ. ಪ್ರಿನ್ಸಿಪಾಲರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಅವರು ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ, ಮನೋವೈದ್ಯರು ಆ ದಿನ ಬಂದಿದ್ದಾರೆಂದು ತಿಳಿಸಿ, ತಮ್ಮ ಕಾರು ಕಳಿಸಿದರು.

ಡಾಕ್ಟರು ಚಿಕ್ಕ ವಯಸ್ಸಿನವರು, ಅವಸರವಿಲ್ಲದವರು. ಅವರ ಮೊದಲ ಪ್ರಶ್ನೆಗೇ ನಾವೆಲ್ಲ ಸಿಕ್ಕಿಬಿದ್ದೆವು. ಎಷ್ಟು ದಿನದಿಂದ ಹೀಗಿದೆ? ತಾಯಿ, “ದಿನಾ ಕ್ಲಾಸಿಗೆ ಕುಂಡ್ರತಾಳಲ್ರಿ, ನಮ್ಗ ಹೆಂಗ ಗೊತ್ತಾಗಬೇಕು” ಎಂದರು. ಹುಡುಗಿಗೆ ದಿನಗಳು ಒಂದರೊಳಗೊಂದು ಕಲಸಿಹೋಗಿದ್ದವು. ಕಾಲೇಜಿನ ದಾಖಲೆ ಕೇಳಿದರೆ, ಅದರಲ್ಲಿ ಅವಳು ಇಡೀ ಕ್ಲಾಸಿಗೇ ಮಾದರಿ. ಕೊನೆಗೆ ಆಸ್ಪತ್ರೆಯ ಬೆಂಚಿನ ಮೇಲೆ ಗೆಳತಿಯೂ ನಾನೂ ನನ್ನ ಫೋನಿನಲ್ಲಿದ್ದ ಚಾಟುಗಳನ್ನು ಹಿಂದಕ್ಕೆ ಹಿಂದಕ್ಕೆ ತಿರುವಿದೆವು. ಲಾಗಿನ್ ಮುಯ್ಯಿ ಇದ್ದರೂ ಮೊದಮೊದಲು ಕರೋಶಿಯವಳು ತಾನೇ ಬರುತ್ತಿದ್ದಳಂತೆ. ನೆಟ್ ಸಿಗದ ದಿನ ಮಾತ್ರ ಗೆಳತಿಗೆ ಹೇಳುತ್ತಿದ್ದಳಂತೆ. ಗೆಳತಿ ಬೆರಳಿಟ್ಟು ಒಂದು ಮಂಗಳವಾರ ತೋರಿಸಿದಳು. “ಇಲ್ಲಿಂದ ಬರೀ ನಾನ್ರಿ.” ಅಲ್ಲಿಂದೀಚೆಗೆ ಮೂವತ್ತೊಂದು ಕ್ಲಾಸು. ಡಾಕ್ಟರು ಆ ತಾರೀಖನ್ನು ಚೀಟಿಯ ಮೇಲೆ ಬರೆದುಕೊಂಡರು.

ಮಾತ್ರೆ ಶುರುವಾಯಿತು. ವಾರಕ್ಕೊಮ್ಮೆ ಕೌನ್ಸೆಲಿಂಗ್. ಮೊದಲ ಎರಡು ವಾರ ಏನೂ ಬದಲಾಗಲಿಲ್ಲ; ತಾಯಿ ದಿನಕ್ಕೆ ಎರಡು ಸಲ ನನಗೆ ಫೋನ್ ಮಾಡಿ “ಗುಣ ಕಾಣವಲ್ದಲ್ರಿ” ಎನ್ನುತ್ತಿದ್ದರು. ನಡುವೆ ಒಮ್ಮೆ ಹುಡುಗಿ ಮಾತ್ರೆ ಬಿಟ್ಟಳು, ಮತ್ತೆ ಆಸ್ಪತ್ರೆಗೆ ಓಡಿದೆವು. ಮೂರನೆಯ ವಾರ ತಾಯಿ ಫೋನಿನಲ್ಲಿ, “ಇವತ್ತ ತಾನಾ ತಲೀ ಹಿಕ್ಕೊಂಡ್ಳ್ರಿ” ಎಂದರು. ತಾನೇ ತಲೆ ಬಾಚಿಕೊಂಡಳು ಎಂದು ನಾನು ನನ್ನ ಡೈರಿಯಲ್ಲಿ ಬರೆದಿಟ್ಟೆ.

ಡ್ರಾಫ್ಟಿನಲ್ಲಿದ್ದ ಆ ಇ-ಮೇಲನ್ನು ನಾನು ಕಳಿಸಲಿಲ್ಲ. ಆದರೆ ನನ್ನ ರಿಜಿಸ್ಟರನ್ನು ಏನು ಮಾಡುವುದು ಎಂಬ ಪ್ರಶ್ನೆ ಉಳಿಯಿತು. ಪ್ರಿನ್ಸಿಪಾಲರಿಗೆ ಎಲ್ಲ ಹೇಳಿದೆ. ಒಳ್ಳೆಯ ಮನುಷ್ಯರು. ಕನ್ನಡಕ ತೆಗೆದು ಒರೆಸಿಕೊಂಡು, “ಹಾಜರಿ ಹಂಗ ಇರ್ಲಿ ಬಿಡ್ರಿ ಮೇಡಂ. ಪಾಪ, ಹುಡುಗಿ ಸೆಮಿಸ್ಟರ್ ಉಳೀತೈತಿ. ಯಾರ್ ಬಂದು ಕೇಳ್ತಾರ?” ಎಂದರು. ನಿಜ ಹೇಳಬೇಕೆಂದರೆ ನಾನೂ ಅದನ್ನೇ ಯೋಚಿಸಿಕೊಂಡು ಹೋಗಿದ್ದೆ. ಸೆಮಿಸ್ಟರ್ ಹೋಯಿತೆಂದರೆ ಅವಳು ಮತ್ತೆ ಕುಸಿದರೆ? ಅವಳನ್ನು ಕೇಳಿಯೇ ನಿರ್ಧರಿಸೋಣ ಎಂದೆ.

ಆರನೆಯ ವಾರದ ಹೊತ್ತಿಗೆ ತಪಾಸಣೆಗೆ ಬಂದವಳು ಗೆಳತಿಯ ಜೊತೆ ನನ್ನ ಮನೆಗೆ ಬಂದಳು. ವಿಷಯ ತಿಳಿಸಿದೆ.

“ಆಬ್ಸೆಂಟ್ ಹಾಕ್ರಿ ಮೇಡಂ.”

“ಸೆಮಿಸ್ಟರ್ ಹೋಗ್ತದವ್ವಾ. ಯೋಚನೆ ಮಾಡು.”

“ಹೋಗ್ಲಿರಿ. ಮುಂದಿನ ವರ್ಷ ಮತ್ತ ಕುಂಡ್ರತೀನಿ. ಅಲ್ಲೆ ಕಾಳಿನ ಕ್ವಾಣ್ಯಾಗ ಕುಂತಾಗ ನನಗ ಏನ್ ಅನಸ್ತಿತ್ತು ಗೊತ್ತೈತೇನ್ರಿ? ನಾ ಇಲ್ಲದಿದ್ರೂ ನನ್ನ ನಂಬರ್ ಬೀಳತೈತಿ. ನಾ ಇಲ್ಲದಿದ್ರೂ ಎಲ್ಲಾ ನಡೀತೈತಿ. ಅಂದ ಮ್ಯಾಲ ನಾ ಯಾಕಿರಬೇಕು? ನಾ ಇರಲಿಲ್ಲಂತ ಎಲ್ಲೆರ ಒಂದ ಕಡೆ ಬರೀರಿ.”

ಗೆಳತಿ ಮುಖ ತಿರುಗಿಸಿ ದುಪಟ್ಟಾದಿಂದ ಕಣ್ಣೊರೆಸಿಕೊಂಡಳು. “ಹಾಕ್ರಿ ಮೇಡಂ, ನಿಪ್ಪಾಣಿ ಅಕಿದೂ ಸತ್ತಿ ಅಕಿದೂ ಖರೇ ಇದ್ದದ್ದ ಹಾಕ್ರಿ. ಅವರಿಬ್ರನ್ನೂ ನಾ ಒಪ್ಪಸ್ತೀನಿ. ನಂದಂತೂ ನಮ್ಮಣ್ಣ ಆಗಲೇ ಶಿಕ್ಷಾ ಕೊಟ್ಟಾನ, ಕಂಪ್ಯೂಟರ್ ಹತ್ರ ಕುಂಡ್ರಾಕ ಬಿಡವಲ್ಲ, ಝೆರಾಕ್ಸ್ ಮಶೀನ್ ಮುಂದ ನಿಲ್ಲಸ್ಯಾನ.” ಆ ಇಬ್ಬರೂ ರಜೆಯಲ್ಲಿ ಹೆಚ್ಚುವರಿ ಕ್ಲಾಸಿಗೆ ಕೂತು ಎಪ್ಪತ್ತೈದು ತುಂಬಿಸಿಕೊಂಡರು. ಕರೋಶಿಯವಳು ಮರುವರ್ಷ ಕಾಲೇಜು ತೆರೆದಾಗ ಅದೇ ಸೆಮಿಸ್ಟರಿಗೆ ಮತ್ತೆ ಬಂದು ಕೂತಳು, ಮಾತ್ರೆ ಇನ್ನೂ ನಡೆದಿತ್ತು. ಇದೆಲ್ಲ ಆಮೇಲಿನ ಮಾತು.

ಅಂದು ಮಾತ್ರ ನಾನು ರಿಜಿಸ್ಟರ್ ತೆಗೆದೆ. ಪೆನ್ನಿನ ಕೆಲಸ, ಒಂದೊಂದೇ P ಹೊಡೆದುಹಾಕಿ ಪಕ್ಕದಲ್ಲಿ A ಬರೆದು ಸಹಿ ಹಾಕಬೇಕು. ತಾರೀಖು ನಾನು ಓದುತ್ತಿದ್ದೆ, ಎದುರು ಕೂತ ಅವಳು “ಆಬ್ಸೆಂಟ್” ಎನ್ನುತ್ತಿದ್ದಳು. ಹತ್ತು, ಹದಿನೈದು, ಇಪ್ಪತ್ತು. ಅವಳ ದನಿ ನಿಧಾನಕ್ಕೆ ಗಟ್ಟಿಯಾಗುತ್ತ ಬಂತು. ಒಂದು ಬುಧವಾರಕ್ಕೆ ಬಂದೆವು.

“ಇಲ್ರಿ. ಅವತ್ತ ನಾ ಇದ್ದೆ.”

ಗೆಳತಿ ಆಶ್ಚರ್ಯದಿಂದ ನೋಡಿದಳು. “ಅವತ್ತೂ ನಾನ ಹಚ್ಚಿದ್ನಲ್ಲಾ ನಿಂದು?”

“ನೀನೂ ಹಚ್ಚಿದ್ದಿ. ನಾನೂ ಬಂದಿದ್ದೆ. ಮಾಳಗಿ ಮ್ಯಾಲ ಹೋಗಿ, ಸಿಗ್ನಲ್ ಹಿಡದು. ಕ್ಲಾಸ್ ಮುಗದ ಮ್ಯಾಲ ಮೇಡಮ್ಮಾರಿಗೆ ಹೇಳಬೇಕಂತ ಮಾಡಿದ್ದೆ.” ನನ್ನ ಕಡೆ ತಿರುಗಿದಳು. “ನನ್ನ ಹೆಸರು ಎರಡೆರಡು ಸಲ ಕಾಣಾಕತೈತಿ ಅಂತ ನೀವು ಒಂದು ತಗದ್ರಿ ಮೇಡಂ. ತಗದದ್ದು ನನ್ನ.”

ನೆನಪಾಯಿತು. “ನೇಮ್ ಡಬಲ್ ಬಂದಿದೆ, one I am removing” ಎಂದು ಹೇಳಿ ಬಟನ್ ಒತ್ತಿದ್ದೆ. ಲಿಸ್ಟ್ ನೀಟಾಗಿರಲಿ ಎಂದು. ತಾರೀಖು ನೋಡಿದೆ. ‘ಸಾಕಾಗೇತಿ’ ಎಂಬ ಮೆಸೇಜು ಗೆಳತಿಗೆ ಬಂದದ್ದರ ಹಿಂದಿನ ದಿನ.

ಸಾರಿ ಎಂಬ ಶಬ್ದವನ್ನು ನಾನು ಮೂರು ವರ್ಷದವಳಿದ್ದಾಗಿನಿಂದ ದಿನಕ್ಕೆ ಹತ್ತು ಸಲ ಹೇಳಿದವಳು. ಅಂದು ಅದು ಬಾಯಿಗೆ ಬಂದು, ಅಲ್ಲೇ ನಿಂತಿತು. “ತಪ್ಪಾತವ್ವಾ,” ಎಂದೆ.

ಅವಳು ರಿಜಿಸ್ಟರನ್ನು ತನ್ನ ಕಡೆ ಸ್ವಲ್ಪ ತಿರುಗಿಸಿಕೊಂಡು, ಆ ಬುಧವಾರದ P ಇನ್ನೂ ಹಾಗೇ ಇದೆಯೇ ಎಂದು ನೋಡಿದಳು. ಇತ್ತು. ಮತ್ತೆ ನನ್ನ ಕಡೆ ತಿರುಗಿಸಿದಳು.

“ಮುಂದಿಂದು ಓದ್ರಿ,” ಎಂದಳು.

ಮುಂದಿನದು ಗುರುವಾರ. ಓದಿದೆ.

“ಆಬ್ಸೆಂಟ್.”

ಬರೆದೆ.